ಹೆಸರಿಗಿಂತ ಮೊದಲೇ ಬಂದ ಕಾಯಿಲೆ



1822ರ ಡಿಸೆಂಬರ್. ಆಪ್ತರೊಬ್ಬರ ಅಂತ್ಯಕ್ರಿಯೆ ಮುಗಿಸಿದ ಆಗಸ್ಟಸ್ ಡೆಸ್ಟೆ ಎಂಬ ಇಂಗ್ಲಿಷ್ ತರುಣನಿಗೆ ಕಣ್ಣು ಮಂಜಾಗಿ, ಬಂದ ಕಾಗದಗಳನ್ನೆಲ್ಲ ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಯಾವ ಮದ್ದೂ ಇಲ್ಲದೆ ದೃಷ್ಟಿ ಮರಳಿತು. ಕಾಯಿಲೆ ಮಾತ್ರ ಹೋಗಲಿಲ್ಲ. ಮೂರನೆಯ ಜಾರ್ಜ್ ದೊರೆಯ ಮೊಮ್ಮಗನಾದ ಆತ ಕಾಲು ಸೋತದ್ದು, ಮೈ ಜೋಮು ಹಿಡಿದದ್ದು, ಮೂತ್ರ ಕಟ್ಟಿದ್ದು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. 1848ರಲ್ಲಿ ತೀರಿಕೊಂಡ. ಪ್ಯಾರಿಸಿನ ನರವೈದ್ಯ ಶಾರ್ಕೋ ಈ ರೋಗವನ್ನು ಸ್ಪಷ್ಟವಾಗಿ ಗುರುತಿಸಿ ಹೆಸರಿಟ್ಟದ್ದು ಇಪ್ಪತ್ತು ವರ್ಷಗಳ ನಂತರ, 1868ರಲ್ಲಿ.

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ. ಮೈಕಾಯಬೇಕಾದ ರೋಗನಿರೋಧಕ ಕಣಗಳೇ ನರತಂತುಗಳ ಮಯಲಿನ್ ಹೊದಿಕೆಯನ್ನು ಕಿತ್ತುಹಾಕುತ್ತವೆ.

ಹೀಗೇಕೆ ಎಂಬ ಪ್ರಶ್ನೆಗೆ 2022ರಲ್ಲಿ ದೊಡ್ಡ ಸುಳಿವು ಸಿಕ್ಕಿತು, ಅದೂ ಎಚ್‌ಐವಿ ತಪಾಸಣೆಗೆಂದು ತೆಗೆದಿಟ್ಟ ರಕ್ತದಲ್ಲಿ! ಹಾರ್ವರ್ಡಿನ ಆಲ್ಬರ್ಟೊ ಆಷೆರಿಯೊ ಅವರ ತಂಡ ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಜಾಲಾಡಿ 955 ಎಂ.ಎಸ್. ರೋಗಿಗಳನ್ನು ಗುರುತಿಸಿತು. ಎಪ್‌ಸ್ಟೀನ್–ಬಾರ್ ವೈರಸ್ ತಗುಲಿದ ಮೇಲೆ ರೋಗದ ಅಪಾಯ 32 ಪಟ್ಟು ಏರಿತ್ತು. ಆದರೆ ಅದೇ ವೈರಸ್ ಜಗತ್ತಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿ ಸುಮ್ಮನೆ ಮಲಗಿದೆ. ಕಿಡಿ ಸಿಕ್ಕಿದೆ, ಸರಿ. ಅದು ಯಾರಲ್ಲಿ ಹೊತ್ತಿಕೊಳ್ಳುತ್ತದೆ? ವಂಶವಾಹಿ, ವಿಟಮಿನ್ ಡಿ ಕೊರತೆ, ಧೂಮಪಾನ, ಇವುಗಳ ಪಾಲೆಷ್ಟು? ಸಂಶೋಧಕರು ಬಿಡಿಸಬೇಕಾದ ಗಂಟು ಇದು.

ಚಿಕಿತ್ಸೆಯ ದಾರಿ 1993ರ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದಿನಿಂದ ತೆರೆದುಕೊಂಡಿತು. ಆರಂಭದಿಂದಲೇ ಏರುತ್ತ ಹೋಗುವ ಬಗೆಯ ಎಂ.ಎಸ್.ಗೆ ಅಮೆರಿಕದಲ್ಲಿ ಮೊದಲ ಔಷಧ ಆಕ್ರೆಲಿಜುಮ್ಯಾಬ್ ಒಪ್ಪಿಗೆ ಪಡೆದದ್ದು 2017ರಲ್ಲಿ. ಇವು ರೋಗಕ್ಕೆ ಕಡಿವಾಣ ಹಾಕಬಲ್ಲವು, ಕಿತ್ತುಹೋದ ಮಯಲಿನನ್ನು ಮರಳಿ ಕಟ್ಟಲಾರವು.

ಎಂ.ಎಸ್. ಚಳಿದೇಶಗಳ ಕಾಯಿಲೆ, ನಮಗೇಕೆ ಎನ್ನುವವರಿದ್ದಾರೆ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು ಎಂಟು ಮಂದಿ ರೋಗಿಗಳು ಕಂಡರು. ಅದೇ ಊರಿನಲ್ಲಿ ನ್ಯೂರೊಮಯಲೈಟಿಸ್ ಆಪ್ಟಿಕಾ ಕೂಡ ಇದೆ, ನೋಡಲು ಎಂ.ಎಸ್.ನಂತೆ, ಬೇರು ಬೇರೆ. ಎಂ.ಎಸ್. ಎಂದುಕೊಂಡು ಇಂಟರ್‌ಫೆರಾನ್ ಕೊಟ್ಟರೆ ಅದು ಉಲ್ಬಣಿಸಬಹುದು. ಇದನ್ನು ಬೇರ್ಪಡಿಸಲು ನೆರವಾಗುವ ಪ್ರತಿಕಾಯ 2004ರಲ್ಲೇ ಪತ್ತೆಯಾಗಿದೆ. ಅನುಮಾನ ಬಂದಲ್ಲಿ ಆ ರಕ್ತಪರೀಕ್ಷೆ ಮೊದಲಾಗಲಿ, ದುಬಾರಿ ಚುಚ್ಚುಮದ್ದು ಆಮೇಲೆ.

ಇನ್ನು ಆರೈಕೆ. ಸೆಕೆ ಏರಿದರೆ ಹಲವರ ಕಣ್ಣು ಮಂಜಾಗುತ್ತದೆ, ಕಾಲು ಕೈಕೊಡುತ್ತದೆ. ಮೈ ತಣಿದರೆ ಸರಿಹೋಗುತ್ತದೆ. ಮನೆಯವರಿಗೆ ಅದು ನಾಟಕವಾಗಿ, ಕಚೇರಿಗೆ ಸೋಮಾರಿತನವಾಗಿ ಕಾಣುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಂ.ಎಸ್. ಅನ್ನು ಪಟ್ಟಿಯಲ್ಲಿ ಸೇರಿಸಿದೆ. ಆದರೆ ಪ್ರಮಾಣಪತ್ರದ ತಪಾಸಣೆಯ ದಿನವೇ ಕಾಲು ನೆಟ್ಟಗೆ ನಡೆದುಬಿಟ್ಟರೆ, ರೋಗಿ ಹೇಳುವ ಸುಸ್ತನ್ನು ಅಳೆಯುವವರು ಯಾರು?

ಡೆಸ್ಟೆಯ ಕಾಯಿಲೆಯನ್ನು ಇಂದಿನ ವೈದ್ಯರು ಗುರುತಿಸಿದ್ದು ಆತನ ದಿನಚರಿಯಿಂದಲೇ. ಆದ್ದರಿಂದ ಈ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ: ಎಂ.ಆರ್.ಐ. ಚಿತ್ರವನ್ನು ಪರದೆಯ ಮೇಲೆ ತೆರೆಯುವ ಮುನ್ನ, ಆ ರೋಗಿ ತನ್ನ ಬಾಯಿಂದ ಏನು ಹೇಳಿದರು ಎಂಬುದನ್ನು ದಯವಿಟ್ಟು ಓದಿ ಹೇಳಿ.