ರುಚಿ, ಕಥೆ, ನಗೆ

ರಸವೆಂದರೇನು? ಭರತನ ನಾಟ್ಯಶಾಸ್ತ್ರ ಈ ಪ್ರಶ್ನೆಗೆ ಉತ್ತರ ತರುವುದು ಅಡುಗೆಮನೆಯಿಂದ. ಬಗೆಬಗೆಯ ವ್ಯಂಜನ ಬೆರೆತ ಅನ್ನವನ್ನು ಉಣ್ಣುವವನು ಹೇಗೆ ಸವಿಯುತ್ತಾನೋ, ನೋಡುಗ ಹಾಗೆ ಭಾವವನ್ನು ಸವಿಯುತ್ತಾನಂತೆ.

ಇದಕ್ಕೆ ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಎಂಬ ಜನಪದ ಸಣ್ಣಾಟಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಊರಲ್ಲೇ ನಡೆದ ಕೊಲೆಯೊಂದು ಅದರ ಮೂಲ ಎನ್ನುತ್ತಾರೆ. ಸಂಗ್ಯಾನಿಗೆ ಗೆಳೆಯ ಬಾಳ್ಯಾನೇ ಎರಡು ಬಗೆಯುತ್ತಾನೆಂದು ಕೂತ ಮಂದಿಗೆಲ್ಲ ಮೊದಲೇ ಗೊತ್ತು. ಆದರೂ ದೂತಿ ಮುದುಕಿ ಬಾಯಿ ತೆರೆದರೆ ನಗು ತಡೆಯದು. ಹಾಗೆ ನಕ್ಕವರಿಗೇ ಸಂಗ್ಯಾನ ಸಾವು ಹೆಚ್ಚು ಖಾರ.

ರುಚಿಯನ್ನೂ ನಗೆಯನ್ನೂ ಬೆಸೆಯುವುದರಲ್ಲಿ ಸಿನಿಮಾ ಇನ್ನೂ ಮುಂದೆ ಹೋಯಿತು. 1925ರ ‘ದಿ ಗೋಲ್ಡ್ ರಶ್’ನಲ್ಲಿ ಹಸಿದ ಚಾಪ್ಲಿನ್ ಬೂಟನ್ನೇ ಬೇಯಿಸಿ, ಅದರ ಲಾಡಿಯನ್ನು ಶಾವಿಗೆಯಂತೆ ಸುತ್ತಿಕೊಂಡು ತಿನ್ನುತ್ತಾನೆ. ನಾವು ನಗುವುದು ಹಸಿವನ್ನು ಕಂಡಲ್ಲ, ಹಸಿವಿನಲ್ಲೂ ಅವನು ಬಿಡದ ಪಂಕ್ತಿಯ ಮರ್ಯಾದೆ ಕಂಡು. ಕ್ರೂರ ನಗೆಗೂ ಅಂತಃಕರಣದ ನಗೆಗೂ ನಡುವಿನ ಗೆರೆ ಅಲ್ಲಿದೆ.

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ದೇವಿಯ ಎಡೆಯ ಬುಟ್ಟಿಯಾದ ಪಡ್ಡಲಗಿ ತುಂಬಿಸಿ, ಕಡಬು, ಹೋಳಿಗೆ, ರೊಟ್ಟಿ ಹಂಚಿ ಉಣ್ಣುವವರ ನಡುವೆ ಕೂತವರಿಗೆ ಊಟಕ್ಕೂ ನಗೆಗೂ ಇರುವ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಊಟಕ್ಕೆ ಚೇಷ್ಟೆಯೇ ಉಪ್ಪಿನಕಾಯಿ.

ಕಿತ್ತೂರು, ರಾಮದುರ್ಗದ ಕಡೆಯ ಕೇಳುಗರೇ, ಈ ಸಲ ಊರ ಜಾತ್ರೆಗೆ ಸಣ್ಣಾಟದ ಮೇಳವೊಂದನ್ನು ಕರೆಸಿ. ಬೆಳತನಕ ಕೂತು ನೋಡಿ. ಕಲಾವಿದರಿಗೆ ಬಿಸಿ ರೊಟ್ಟಿ ಬಡಿಸುವುದನ್ನು ಮಾತ್ರ ಮರೆಯಬೇಡಿ.