ಮೊದಲ ಲಾರಿ ಕೊಳ್ಳುವ ಮುನ್ನ



ಬೆಂಗಳೂರಿನ ಸುತ್ತ ಕಾರ್ಖಾನೆಗೂ ಉಗ್ರಾಣಕ್ಕೂ ಜಮೀನು ಬಿಟ್ಟುಕೊಟ್ಟ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಪರಿಹಾರದ ದುಡ್ಡಲ್ಲಿ ದೊಡ್ಡ ಲಾರಿ ತೆಗೆಯೋಣಪ್ಪಾ, ಅರ್ಜೆಂಟ್ ಸಾಮಾನಿಗೆ ಒಳ್ಳೇ ಬಾಡಿಗೆ ಸಿಗುತ್ತೆ" ಅನ್ನುತ್ತಾನೆ ಮಗ. ಅವನ ಮಾತು ತಪ್ಪಲ್ಲ. ಆದರೆ ಮಳೆ ಬಾರದ ವರ್ಷವೂ ಹೊಲ ಇದ್ದಲ್ಲೇ ಇರುತ್ತದೆ. ಲಾರಿಯಾದರೋ ನಿಂತಲ್ಲೇ ಬೆಲೆ ಕಳೆದುಕೊಳ್ಳುತ್ತದೆ. ಆದ್ದರಿಂದ ಈ ದಿನ ಆ ವಿಷಯವಾಗಿ ನಾಲ್ಕು ಮಾತು.

ಎತ್ತು ಕೊಳ್ಳಲು ಹೊರಟವನು ಮೊದಲು ತನ್ನ ಹೊಲ ನೋಡುತ್ತಾನೆ, ಆಮೇಲೆ ಜಾತ್ರೆಗೆ ಹೋಗುತ್ತಾನೆ. ಲಾರಿಗೂ ಇದೇ ನ್ಯಾಯ. ಸರಕು ಯಾವುದೆಂದು ಮೊದಲು ಗೊತ್ತಾಗಲಿ. ಹದಿನೈದು ದಿನ ಒಂದು ಪುಸ್ತಕ ಹಿಡಿದು ತಿರುಗಿರಿ. ಪೀಣ್ಯದಲ್ಲಿ ಎರಕದ ಸಾಮಾನು, ಯಂತ್ರದ ಬಿಡಿಭಾಗ ಹೆಚ್ಚು. ಜಾಗ ಸ್ವಲ್ಪ, ತೂಕ ಬಹಳ. ವೈಟ್‌ಫೀಲ್ಡ್, ಹೊಸಕೋಟೆ ಕಡೆಯ ಉಗ್ರಾಣಗಳಲ್ಲಿ ರಟ್ಟಿನ ಪೆಟ್ಟಿಗೆಗಳು. ತೂಕ ಸ್ವಲ್ಪ, ಜಾಗ ಬಹಳ. ಎಲೆಕ್ಟ್ರಾನಿಕ್ ಸಿಟಿಯ ಸೂಕ್ಷ್ಮ ಉಪಕರಣಗಳಿಗೆ ಧೂಳು, ಮಳೆ ತಾಕಬಾರದು. ಪೆಟ್ಟಿಗೆ ಸಾಗಿಸಲು 32 ಅಡಿಯ ಮುಚ್ಚಿದ ಕಂಟೇನರ್ ಬೇಕಾದೀತು. ಎರಕದ ಸಾಮಾನಿಗೆ ಅಷ್ಟುದ್ದದ ಗಾಡಿ ಬರೀ ಹೊರೆ. ಕೋಲಾರದ ಟೊಮೇಟೊ ಕೂಡ ಹೇರುವ ಯೋಚನೆಯಿದ್ದರೆ ಗಾಳಿಯಾಡದ ಪೆಟ್ಟಿಗೆ ಗಾಡಿ ನಿಮಗಲ್ಲ.

ಇನ್ನು ತೂಕದ ಮಾತು. 2018ರಲ್ಲಿ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದರು. ಇದು ಗಾಡಿಯೂ ಸರಕೂ ಸೇರಿದ ತೂಕ. ಖಾಲಿ ಗಾಡಿಯೇ ಎಂಟು ಟನ್ ಇದ್ದರೆ ಹೇರಲು ಉಳಿದದ್ದು ಹತ್ತೂವರೆ ಟನ್ ಮಾತ್ರ. ಬಾಡಿ ಭಾರವಾಗಿ ಕಟ್ಟಿಸಿದಷ್ಟೂ ಬಾಡಿಗೆ ಕಡಿಮೆ. ಮಿತಿ ಮೀರಿದರೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಆರ್‌ಸಿ ಪುಸ್ತಕದಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಓದಿಸಿಕೊಂಡೇ ಮುಂಗಡ ಕೊಡಿ.

ಅರ್ಜೆಂಟ್ ಕೆಲಸದಲ್ಲಿ ನೀವು ಮಾರುವುದು ಹೊತ್ತನ್ನು. ಬಿಡಿಭಾಗ ಬಾರದೆ ಕಾರ್ಖಾನೆಯ ಯಂತ್ರ ನಿಂತಿದ್ದರೆ ಅವರಿಗೆ ಗಂಟೆ ಗಂಟೆಗೂ ನಷ್ಟ. ಅದಕ್ಕೇ ಹೆಚ್ಚು ಬಾಡಿಗೆ ಕೊಡುತ್ತಾರೆ. ದಾರಿಯಲ್ಲಿ ಒಮ್ಮೆ ಕೆಟ್ಟು ನಿಂತರೆ ಮರುದಿನ ಅವರು ಇನ್ನೊಬ್ಬರನ್ನು ಕರೆಯುತ್ತಾರೆ. ಆದಕಾರಣ ಅಗ್ಗವೆಂದು ಹಳೆಯ ಗಾಡಿಗೆ ಮನಸೋಲಬೇಡಿ. ಕೊಳ್ಳುವುದೇ ಆದರೆ ಎಫ್‌ಸಿ, ವಿಮೆ, ತೆರಿಗೆ, ಬಾಕಿ ದಂಡ, ಸಾಲದ ನಮೂದು ಎಲ್ಲವನ್ನೂ ನೋಡಿ. ನಂಬಿಕೆಯ ಮೆಕ್ಯಾನಿಕ್ಕನ್ನು ಕರೆದೊಯ್ದು ಗಾಡಿಗೆ ಭಾರ ಹೇರಿ ಓಡಿಸಿ ನೋಡಿ. 2020ರ ಏಪ್ರಿಲ್‌ನಿಂದೀಚೆಗೆ ಬಂದ ಬಿಎಸ್-6 ಡೀಸೆಲ್ ಲಾರಿಗಳಲ್ಲಿ ಹೊಗೆ ಶುದ್ಧಿಗೆ ಯೂರಿಯಾ ದ್ರವ ಹಾಕುವ ಪದ್ಧತಿ ಸಾಮಾನ್ಯ. ಮನೆಯಲ್ಲಿದೆಯಲ್ಲಾ ಅಂತ ಗೊಬ್ಬರದ ಯೂರಿಯಾ ಕರಗಿಸಿ ಸುರಿದೀರಿ, ಜೋಕೆ! ಆ ಭಾಗವೇ ಕೆಟ್ಟುಹೋಗುತ್ತದೆ.

ಈಗ ಲೆಕ್ಕ. ಚೆನ್ನೈಗೆ ಹೋಗಿ ಬರಲು ಸುಮಾರು 700 ಕಿಲೋಮೀಟರ್. ಲೀಟರಿಗೆ ಆರು ಕಿಲೋಮೀಟರ್ ಓಡುತ್ತದೆ, ಡೀಸೆಲ್ 90 ರೂಪಾಯಿ ಎಂದು ಹಿಡಿಯಿರಿ. ಎಣ್ಣೆಗೇ 10,500 ರೂಪಾಯಿ ಆಯಿತು. ವಾಪಸು ಸರಕು ಸಿಗದಿದ್ದರೆ ಅಷ್ಟೂ ಹೋಗುವಾಗಿನ ಬಾಡಿಗೆಯಲ್ಲೇ ಹುಟ್ಟಬೇಕು. ಅದರ ಮೇಲೆ ಚಾಲಕರ ಸಂಬಳ, ಟೋಲು, ಟೈರು, ಕಂತು. ಎಣ್ಣೆಗೆ ಕೈಯಾರೆ ನಗದು ಕೊಡಬೇಕು. ಬಾಡಿಗೆ ಒಂದೆರಡು ತಿಂಗಳು ತಡವಾಗುವುದುಂಟು. ಎರಡು ತಿಂಗಳ ಖರ್ಚು ಕೈಯಲ್ಲಿ ಉಳಿಯದಿದ್ದರೆ ಸಣ್ಣ ಗಾಡಿಯಿಂದಲೇ ಶುರು ಮಾಡಿ.

ಮಗನ ಬಳಿ ಕಾರಿನ ಲೈಸೆನ್ಸ್ ಇದ್ದರೆ ಸಾಲದು. ಒಟ್ಟು ತೂಕ 7,500 ಕಿಲೋ ಮೀರಿದ ಗಾಡಿಗೆ ಭಾರಿ ವಾಹನದ ಲೈಸೆನ್ಸ್ ಬೇಕು. ಒಬ್ಬನೇ ಹಗಲೂ ರಾತ್ರಿ ಓಡಿಸುವ ಧೈರ್ಯವೂ ಬೇಡ. ದೂರದ ದಾರಿಗೆ ಇಬ್ಬರು ಚಾಲಕರಿರಲಿ. ಗಿರಾಕಿಯ ಅವಸರಕ್ಕೆ ನಿಮ್ಮ ಹುಡುಗನ ನಿದ್ದೆ ಬಲಿಯಾಗಬಾರದು.

ನಿಮಗೊಂದು ಅನುಕೂಲವೂ ಇದೆ. ಜನಸಂದಣಿಯ ಹೊತ್ತಿನಲ್ಲಿ ಭಾರಿ ಲಾರಿಗಳನ್ನು ನಗರದೊಳಕ್ಕೆ ಬಿಡುವುದಿಲ್ಲ. ಊರ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ ನಿಮ್ಮದೇ ಕಣವಿದ್ದರೆ ಗಾಡಿ ನಿಲ್ಲಿಸಲು ಬಾಡಿಗೆಯಿಲ್ಲ, ಕರೆ ಬಂದ ಕೂಡಲೇ ಹೊರಡಬಹುದು. ಉಳಿದ ತುಂಡು ಜಮೀನನ್ನು ಮಾತ್ರ ಲಾರಿಯ ಸಾಲಕ್ಕೆ ಅಡವಿಡಬೇಡಿ. ಪರಿಹಾರದ ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಮನೆಯಾಕೆಯ ಹೆಸರಿನಲ್ಲಿ ಬೇರೆ ಇಡಿ. ಲಾರಿ ಹೋದರೂ ಮನೆ ಉಳಿಯಬೇಕು.

ಒಬ್ಬಿಬ್ಬರು ಗಿರಾಕಿಗಳಾದರೂ ಬರವಣಿಗೆಯಲ್ಲಿ ಕೆಲಸ ಒಪ್ಪಿದ ಮೇಲೆ ಮಳಿಗೆಯ ಬಾಗಿಲು ತಟ್ಟಿರಿ.