ಕಿರುತೆರೆಯ ಕತೆ, ಜಗಲಿಯ ಮಾತು



ಅಮೃತಾಪುರದಂತಹ ಊರಿನಲ್ಲಿ ನಿಂತು ಟೀವಿ ಧಾರಾವಾಹಿಗಳ ಬಗ್ಗೆ ಮಾತನಾಡುವುದು ಕೆಲವರಿಗೆ ಸರಿ ಕಾಣಲಿಕ್ಕಿಲ್ಲ. ತರೀಕೆರೆಯಿಂದ ಈ ಕಡೆಗೆ ಬರುವವರು ಅಮೃತೇಶ್ವರನ ಗುಡಿ ನೋಡಲು ಬರುತ್ತಾರೆಯೇ ಹೊರತು ಧಾರಾವಾಹಿಯ ಮಾತು ಕೇಳಲು ಅಲ್ಲ. ಆದರೆ ಗುಡಿಯ ಮುಖಮಂಟಪದ ಹೊರಗೋಡೆಯನ್ನು ನಿಧಾನವಾಗಿ ನೋಡಿದವರಿಗೆ ಈ ಎರಡಕ್ಕೂ ಇರುವ ನಂಟು ತಾನಾಗಿಯೇ ಹೊಳೆಯುತ್ತದೆ.

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಇದು. ಇಲ್ಲಿಯ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಹೊರಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕತೆ, ಉಳಿದ 45ರಲ್ಲಿ ಮಹಾಭಾರತ. ಇಂದಿನ ಮಾತಿನಲ್ಲಿ ಹೇಳುವುದಾದರೆ 140 ಕಂತುಗಳು!

ಕಲ್ಲಿನ ಕಂತಿಗೆ ಬಾಯಿಲ್ಲ. ಒಂದು ಫಲಕಕ್ಕೂ ಮುಂದಿನ ಫಲಕಕ್ಕೂ ನಡುವೆ ಏನಾಯಿತು ಎಂಬುದನ್ನು ನೋಡುವವರೇ ಹೇಳಿಕೊಳ್ಳಬೇಕು. ಅಜ್ಜಿ ಮೊಮ್ಮಗನಿಗೆ ಕತೆ ಹೇಳುತ್ತಾಳೆ. ಮೊಮ್ಮಗ ‘ಯಾಕೆ ಹಾಗೆ ಮಾಡಿದ?’ ಎನ್ನುತ್ತಾನೆ. ಪಕ್ಕದಲ್ಲಿ ನಿಂತವರು ಅದಕ್ಕೆ ತಮ್ಮದೊಂದು ಉತ್ತರ ಕೊಡುತ್ತಾರೆ. ಶಿಲ್ಪಿ ಅರ್ಧ ಕತೆ ಕೆತ್ತಿ ಹೋಗಿದ್ದಾನೆ. ಇನ್ನರ್ಧ ನೋಡುವವರ ಬಾಯಲ್ಲಿದೆ.

ಟೀವಿಯ ಕತೆಯೂ ಇದೇ. ಧಾರಾವಾಹಿ ನೋಡುವುದು ಅರ್ಧ, ಅದರ ಬಗ್ಗೆ ಮಾತನಾಡುವುದು ಇನ್ನರ್ಧ. ಈ ಎರಡನೆಯ ಅರ್ಧಕ್ಕೆ ಏನಾಗುತ್ತಿದೆ ಎಂಬುದೇ ಇಂದಿನ ವಿಚಾರ.

ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು

ಕತೆಗೆ ಜೊತೆಯಾಗಿ ಅಭಿಪ್ರಾಯವನ್ನೂ ಕೇಳುವುದು ಈ ಸೀಮೆಗೆ ಹೊಸದಲ್ಲ. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನ ಊರು ಕಡೂರು ತಾಲ್ಲೂಕಿನ ದೇವನೂರು ಎಂಬುದು ಎಲ್ಲರೂ ಬಲ್ಲ ಮಾತು. ಆ ಕಾವ್ಯವನ್ನು ಹಳ್ಳಿಹಳ್ಳಿಗಳಲ್ಲಿ ಗಮಕಿಗಳು ವಾಚಿಸುತ್ತಿದ್ದರು. ಗಮಕದಲ್ಲಿ ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಓದಿನ ಸೊಗಸು ಗಮಕಿಯದಾದರೆ, ‘ಇಲ್ಲಿ ಚಂದ್ರಹಾಸನ ನಡತೆ ಸರಿಯೇ?’ ಎಂಬ ವಿಚಾರ ವ್ಯಾಖ್ಯಾನಕಾರರದು. ಮಲೆನಾಡಿನ ಕಡೆ ತಾಳಮದ್ದಳೆಯಲ್ಲಂತೂ ವಾದವೇ ಪ್ರಧಾನ. ವೇಷವಿಲ್ಲ, ಕುಣಿತವಿಲ್ಲ. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ನ್ಯಾಯವೇ ಎಂದು ವಾಲಿಯ ಅರ್ಥಧಾರಿ ಕೇಳಿದರೆ, ರಾಮನ ಅರ್ಥಧಾರಿ ಉತ್ತರ ಕೊಟ್ಟೇ ತೀರಬೇಕು.

ದೂರದರ್ಶನ ಬಂದಾಗಲೂ ಈ ಅಭ್ಯಾಸ ಜೊತೆಗೇ ಬಂತು. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದೇ ಪೆಟ್ಟಿಗೆ, ಎದುರಿಗೆ ಊರೆಲ್ಲ. ನೋಡುವುದೂ ಒಟ್ಟಿಗೆ, ಮಾತನಾಡುವುದೂ ಒಟ್ಟಿಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಆ ದಶಕದಲ್ಲಿ ಟೀವಿ ಇದ್ದ ಮನೆಯವರು ಹಾಲಿನಲ್ಲಿ ಜಮಖಾನ ಹಾಸಿ ಕಾಯಬೇಕಿತ್ತು. ಚಾವಣಿ ಹತ್ತಿ ಆಂಟೆನಾ ತಿರುಗಿಸುವವನೊಬ್ಬ, ಕಿಟಕಿಯಿಂದ ‘ಬಂತು, ಬಂತು, ಅಲ್ಲೇ ನಿಲ್ಲಿಸು’ ಎಂದು ಕೂಗುವವನೊಬ್ಬ. ಇಲ್ಲಿರುವ ಹಿರಿಯರಿಗೆ ಇದು ಚೆನ್ನಾಗಿ ನೆನಪಿರಬೇಕು.

ನಾಲ್ಕು ಲಕ್ಷ ಕಾಗದಗಳು

ವೀಕ್ಷಕರ ಅಭಿಪ್ರಾಯಕ್ಕೆ ಎಷ್ಟು ಬಲವಿದೆ ಎಂಬುದನ್ನು ದೇಶಕ್ಕೆ ಮೊದಲು ತೋರಿಸಿಕೊಟ್ಟದ್ದು ‘ಹಮ್ ಲೋಗ್’. 1984ರ ಜುಲೈನಿಂದ 1985ರ ಡಿಸೆಂಬರ್‌ವರೆಗೆ ಪ್ರಸಾರವಾದ ಈ ಧಾರಾವಾಹಿಯನ್ನು ಬರೆದವರು ಮನೋಹರ ಶ್ಯಾಮ್ ಜೋಶಿ. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು ಆ ದಿನದ ಕತೆಯ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದರು. ಗಮಕದ ವ್ಯಾಖ್ಯಾನಕಾರರ ಕೆಲಸವೇ ಅದು.

ಕುಟುಂಬ ಯೋಜನೆಯ ಪ್ರಚಾರಕ್ಕೆಂದು ಯೋಜಿಸಿದ್ದ ಧಾರಾವಾಹಿ ಅದು. ಆರಂಭದ ಕಂತುಗಳಲ್ಲಿ ಉಪದೇಶ ಹೆಚ್ಚಾಯಿತು, ಜನಕ್ಕೆ ಹಿಡಿಸಲಿಲ್ಲ. ಹದಿಮೂರು ಕಂತುಗಳ ಹೊತ್ತಿಗೆ ತಯಾರಕರು ಉಪದೇಶ ತಗ್ಗಿಸಿ ಮನೆಯೊಳಗಿನ ಕತೆಗೆ ಜಾಗ ಕೊಟ್ಟರು. ಆಮೇಲೆ ಅದು ಮನೆಮಾತಾಯಿತು. ವೀಕ್ಷಕರಿಂದ ಬಂದ ಕಾಗದಗಳು ಸುಮಾರು ನಾಲ್ಕು ಲಕ್ಷ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಆ ಮನೆಯ ತಾಯಿ ಭಾಗವಂತಿಯನ್ನು, ಎಲ್ಲವನ್ನೂ ನುಂಗಿಕೊಂಡು ಬಾಳುವ ಹೆಂಗಸು ಹೇಗೆ ನವೆಯುತ್ತಾಳೆ ಎಂದು ತೋರಿಸಲು ಸೃಷ್ಟಿಸಲಾಗಿತ್ತು. ಹೀಗಿರಬೇಡಿ ಎಂಬುದು ತಯಾರಕರ ಇಂಗಿತ. ಆದರೆ ಅನೇಕ ವೀಕ್ಷಕರು ಅವಳಲ್ಲೇ ಆದರ್ಶ ತಾಯಿಯನ್ನು ಕಂಡರು! ಕತೆ ಬರೆದವರು ಹೇಳಿದ್ದು ಒಂದು, ಜಗಲಿಗೆ ತಲುಪಿದ್ದು ಇನ್ನೊಂದು. ಧಾರಾವಾಹಿಯ ಅರ್ಥವನ್ನು ಕೊನೆಗೆ ತೀರ್ಮಾನಿಸುವವರು ನೋಡುವವರೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೆ ಬಂದದ್ದು ರಮಾನಂದ ಸಾಗರರ ‘ರಾಮಾಯಣ’. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ, 78 ಕಂತು. ಅದರ ಬೆನ್ನಿಗೆ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ, 94 ಕಂತು. ಭಾಷೆ ಹಿಂದಿ. ನಮ್ಮ ಹಳ್ಳಿಗಳಲ್ಲಿ ಹಿಂದಿ ಬಲ್ಲವರು ಎಷ್ಟು ಮಂದಿ? ಆದರೂ ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಕತೆ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ಹಾಗಾಗಿ ನೋಡುತ್ತಲೇ ಕನ್ನಡದಲ್ಲಿ ಹೇಳಿಕೊಳ್ಳುವುದು ಅನಿವಾರ್ಯವಾಯಿತು. ಪಂಜಾಬಿನ ಜಲಂಧರದಲ್ಲಂತೂ ಪೌರಕಾರ್ಮಿಕರು ಮುಷ್ಕರ ಹೂಡಿದರು. ಸೀತೆಯ ಕಾಡುಪಾಲಾಗುವಿಕೆ, ವಾಲ್ಮೀಕಿಯ ಆಶ್ರಮ, ಲವಕುಶರ ಕತೆ ಬಿಟ್ಟು ಧಾರಾವಾಹಿ ಮುಗಿಸಬಾರದು ಎಂಬುದು ಅವರ ಬೇಡಿಕೆ. ಉತ್ತರ ರಾಮಾಯಣವೂ ತೆರೆಗೆ ಬಂತು. ವಾಲ್ಮೀಕಿಯನ್ನು ತಮ್ಮ ಗುರುವೆಂದು ಕಾಣುವ ಜನರಿಗೆ ಅದು ಬರಿಯ ಮನರಂಜನೆಯ ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ನಗೆಯ ಮಾತೇ ಬೇರೆ

ಗಂಭೀರ ಕತೆಗೂ ಹಾಸ್ಯಕ್ಕೂ ಜನ ಅಭಿಪ್ರಾಯ ಹೇಳುವ ರೀತಿ ಒಂದೇ ಅಲ್ಲ. ಗಂಭೀರ ಧಾರಾವಾಹಿ ನೋಡಿದವರು ‘ಮುಂದೇನಾಗುತ್ತದೆ, ಏನಾಗಬೇಕು’ ಎಂದು ವಾದಿಸುತ್ತಾರೆ. ಹಾಸ್ಯದಲ್ಲಿ ಮುಂದೇನೂ ಆಗುವುದಿಲ್ಲ. ನಾಳೆಯೂ ಅದೇ ಮನೆ, ಅದೇ ಜನ, ಅದೇ ಪೇಚಾಟ. ಹಾಗಾಗಿ ಹಾಸ್ಯ ಮೆಚ್ಚಿದವರು ವಾದಿಸುವುದಿಲ್ಲ, ಅನುಕರಿಸುತ್ತಾರೆ. ಈಟೀವಿ ವಾಹಿನಿಯಲ್ಲಿ 2000ದ ದಶಕದಲ್ಲಿ ಬಂದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೋಡಿದ ಮಕ್ಕಳು ಮರುದಿನ ಶಾಲೆಯಲ್ಲಿ ಅದೇ ಧಾಟಿಯಲ್ಲಿ ಮಾತನಾಡುತ್ತಿದ್ದರು. ಊರಿನಲ್ಲಿ ಹೆಂಡತಿಗೆ ಹೆದರುವವನೊಬ್ಬ ಇದ್ದರೆ ಅವನಿಗೆ ‘ಪಾಂಡು’ ಎಂದು ಹೆಸರಿಟ್ಟರೆ ಸಾಕು, ವಿಮರ್ಶೆ ಮುಗಿದಂತೆಯೇ.

ಈ ಮೆಚ್ಚುಗೆ ಕಲಾವಿದರ ಹೆಸರನ್ನೂ ಬದಲಿಸಿದೆ. ದೂರದರ್ಶನದ ‘ಸಿಹಿ ಕಹಿ’ ಮುಗಿದು ದಶಕಗಳೇ ಕಳೆದರೂ ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರನ್ನು ನಾಡು ಇಂದಿಗೂ ಸಿಹಿ ಕಹಿ ಚಂದ್ರು, ಸಿಹಿ ಕಹಿ ಗೀತಾ ಎಂದೇ ಕರೆಯುತ್ತದೆ. ಪ್ರಶಸ್ತಿಗಿಂತ ಇದು ಕಡಿಮೆಯೇನಲ್ಲ.

ನಗುವೂ ನೋವೂ ಬೆರೆತ ಕತೆಗೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಉದಾಹರಣೆ. ಆರ್.ಕೆ. ನಾರಾಯಣ್ ಅವರ ಕತೆಗಳಿಗೆ ಅವರು ಆಗುಂಬೆಯಲ್ಲಿ ಊರು ಕಂಡರು. ಅದರ ರೈಲು ನಿಲ್ದಾಣ ಅರಸಾಳಿನದು. ಬೀರೂರಿನಿಂದ ತರೀಕೆರೆಯ ಮೇಲೆ ಹಾದು ತಾಳಗುಪ್ಪಕ್ಕೆ ಹೋಗುವ ಹಳಿಯ ಮೇಲೆಯೇ ಅರಸಾಳು ಇದೆ. ಅಲ್ಲಿಯ ಹಳೆಯ ನಿಲ್ದಾಣ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಹೆಚ್ಚಿನವರು ಕನ್ನಡದ ಕಲಾವಿದರು, ನೆಲ ಮಲೆನಾಡು, ಮಾತು ಮಾತ್ರ ಹಿಂದಿ. ಆದರೂ ‘ಇದು ನಮ್ಮ ಕಡೆಯ ಕತೆ’ ಎಂದು ಜನ ಹೇಳಿದರಲ್ಲ, ಅದೂ ಒಂದು ಅಭಿಪ್ರಾಯವೇ.

ಪಾತ್ರದ ಮರೆಯಲ್ಲಿ ಮನೆಯ ಮಾತು

‘ಧಾರಾವಾಹಿಯ ಮಾತು ಕೆಲಸವಿಲ್ಲದವರ ಹರಟೆ’ ಎಂದು ಮೂಗು ಮುರಿಯುವವರುಂಟು. ಅವರು ಒಂದು ವಿಷಯ ಗಮನಿಸಬೇಕು. ತನ್ನ ಅತ್ತೆಯ ಬಗ್ಗೆ ನೆರೆಮನೆಯಲ್ಲಿ ಮಾತನಾಡುವುದು ಸೊಸೆಗೆ ಸಾಧ್ಯವಿಲ್ಲ. ಆದರೆ ಧಾರಾವಾಹಿಯ ಅತ್ತೆಯ ಬಗ್ಗೆ ಮನಸಾರೆ ಮಾತನಾಡಬಹುದು. ಅಣ್ಣತಮ್ಮಂದಿರ ಆಸ್ತಿ ಜಗಳ, ಮಗಳ ಓದು, ಜಾತಿ ಮೀರಿದ ಮದುವೆ ಇವೆಲ್ಲ ಮನೆಯೊಳಗೆ ಬಾಯಿಬಿಟ್ಟರೆ ಜಗಳವಾಗುವ ವಿಷಯಗಳು. ಪಾತ್ರಗಳ ಹೆಸರಿನಲ್ಲಿ ಆಡಿದರೆ ಚರ್ಚೆಯಾಗುತ್ತವೆ. ‘ಅವಳು ಹಾಗೆ ಮಾಡಿದ್ದೇ ಸರಿ’ ಎಂದು ತಾಯಿಯೊಬ್ಬಳು ಟೀವಿಯ ಎದುರು ಹೇಳಿದರೆ, ಪಕ್ಕದಲ್ಲಿ ಕುಳಿತ ಮಗಳಿಗೆ ಅರ್ಥವಾಗುವುದು ಅರ್ಥವಾಗುತ್ತದೆ.

ಕನ್ನಡದಲ್ಲಿ ಈ ಚರ್ಚೆಗೆ ಗಟ್ಟಿ ನೆಲೆ ಕೊಟ್ಟವರು ಟಿ.ಎನ್. ಸೀತಾರಾಮ್. ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಡನೆ ಅವರು ನಿರ್ದೇಶಿಸಿದ ‘ಮಾಯಾಮೃಗ’ 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂತು. ಆಮೇಲೆ ‘ಮನ್ವಂತರ’, ‘ಮುಕ್ತ’, 2018ರಲ್ಲಿ ‘ಮಗಳು ಜಾನಕಿ’. ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳು ಮನೆಮನೆಯಲ್ಲಿ ಎರಡನೆಯ ವಿಚಾರಣೆಗೆ ಒಳಗಾಗುತ್ತಿದ್ದವು. ವಕೀಲ ಸಿ.ಎಸ್.ಪಿ. ತೆರೆಯ ಮೇಲೆ ವಾದ ಮುಗಿಸಿದರೆ, ಜಗಲಿಯ ಮೇಲೆ ವಾದ ಶುರು. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಕಿರುತೆರೆಗೆ ತಂದಾಗ, ಪ್ಲೇಗಿನ ಕಾಲದ ಬವಣೆಯನ್ನು ಹಿರಿಯರಿಂದ ಕೇಳಿದ್ದವರು ನಂಜಮ್ಮನ ಕತೆಗೆ ತಮ್ಮ ಮನೆಯ ನೆನಪುಗಳನ್ನು ಸೇರಿಸಿಕೊಂಡರು.

ಮೀಟರಿಗೆ ಕಿವಿಯಿಲ್ಲ

ಇಂದು ಆ ಮಾತು ತಯಾರಕರನ್ನು ಹೇಗೆ ಮುಟ್ಟುತ್ತದೆ? ಕಾಗದ ಬರೆಯುವವರು ಇಲ್ಲವೆನ್ನುವಷ್ಟು ವಿರಳ. ಅದರ ಸ್ಥಾನದಲ್ಲಿ ಈಗ ಇರುವುದು ಟಿ.ಆರ್.ಪಿ. ಆಯ್ದ ಕೆಲವು ಮನೆಗಳ ಟೀವಿಗೆ ಮೀಟರು ಜೋಡಿಸಿ, ಯಾವ ಹೊತ್ತಿನಲ್ಲಿ ಯಾವ ವಾಹಿನಿ ಓಡುತ್ತಿತ್ತು ಎಂದು ಅಳೆಯುತ್ತಾರೆ. ದೇಶದ ಕೋಟಿಗಟ್ಟಲೆ ಮನೆಗಳ ಪರವಾಗಿ ಲೆಕ್ಕ ಕೊಡುವುದು ಕೆಲವು ಹತ್ತು ಸಾವಿರ ಮನೆಗಳು ಮಾತ್ರ. ಈಗಿನ ಮಾಪನ ಸಂಸ್ಥೆ ‘ಬಾರ್ಕ್’ ಗ್ರಾಮಾಂತರದ ಮನೆಗಳನ್ನೂ ಸೇರಿಸಿ ಅಂಕಿ ಪ್ರಕಟಿಸತೊಡಗಿದ್ದು 2015ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅಮೃತಾಪುರದಂತಹ ಊರುಗಳು ಏನು ನೋಡಿದವು ಎಂಬುದು ಜಾಹೀರಾತುದಾರರ ವಾರದ ಲೆಕ್ಕದಲ್ಲಿ ಇರಲೇ ಇಲ್ಲ.

ಈಗ ಹಳ್ಳಿಯೂ ಲೆಕ್ಕಕ್ಕೆ ಬಂದಿದೆ, ಸಂತೋಷ. ಆದರೆ ಮೀಟರು ಟೀವಿ ಓಡುತ್ತಿತ್ತೇ ಎಂದು ಹೇಳುತ್ತದೆ, ನೋಡಿದವರು ಏನೆಂದರು ಎಂದು ಹೇಳುವುದಿಲ್ಲ. ಬೈಯುತ್ತಾ ನೋಡಿದರೂ ಅದರ ಪಾಲಿಗೆ ನೋಡಿದಂತೆಯೇ. ‘ಪುಟ್ಟಗೌರಿ ಮದುವೆ’ಯ ಕತೆ ಇಲ್ಲಿ ನೆನಪಾಗುತ್ತದೆ. ಬಾಲ್ಯವಿವಾಹದ ಪ್ರಶ್ನೆ ಎತ್ತಿದ ಹಿಂದಿಯ ‘ಬಾಲಿಕಾ ವಧು’ವಿನ ಕನ್ನಡ ರೂಪವಾಗಿ 2012ರಲ್ಲಿ ಅದು ಆರಂಭವಾಯಿತು. ವರ್ಷಗಳು ಉರುಳಿದಂತೆ ಬಾಲ್ಯವಿವಾಹ ಹಿಂದೆ ಸರಿದು ನಾಯಕಿಯ ಕಾಡಿನ ಸಾಹಸಗಳು ಮುಂದೆ ಬಂದವು. ಮೊಬೈಲಿನಲ್ಲಿ ಗೇಲಿಯ ಚಿತ್ರಗಳು ಊರೂರು ಸುತ್ತಿದವು. ಧಾರಾವಾಹಿ ಮಾತ್ರ 2018ರವರೆಗೂ ಓಡಿತು. ಗೇಲಿ ಮಾಡಲಾದರೂ ಜನ ನೋಡಲೇಬೇಕಲ್ಲ!

ಗೇಲಿಗೂ ಅಭಿಪ್ರಾಯಕ್ಕೂ ಇರುವ ಅಂತರ ಇದು. ಗೇಲಿಗೆ ಕಾರಣ ಕೊಡಬೇಕಿಲ್ಲ, ಅಭಿಪ್ರಾಯಕ್ಕೆ ಬೇಕು. ‘ಚೆನ್ನಾಗಿಲ್ಲ’ ಎಂದರೆ ಸಾಲದು. ಅತ್ತೆ ಕಣ್ಣು ಕೆಂಪಗೆ ಮಾಡಿದ್ದನ್ನು ಮೂರು ಕಡೆಯಿಂದ ಮೂರು ಸಲ ತೋರಿಸಿ ಕಂತು ಮುಗಿಸಿದರು, ಓದಿದ ಹುಡುಗಿ ಮನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಹೊಲದಲ್ಲಿ ದುಡಿಯುವವರ ಮನೆಯಲ್ಲೂ ಎಲ್ಲರೂ ರೇಷ್ಮೆ ಉಟ್ಟೇ ಮಲಗುತ್ತಾರೆ ಎಂದು ಬಿಡಿಸಿ ಹೇಳಿದರೆ ಅದು ವಿಮರ್ಶೆ. ಅದಕ್ಕೆ ದೊಡ್ಡ ಓದು ಬೇಕಿಲ್ಲ, ಲೋಕಾನುಭವ ಸಾಕು. ‘ನನಗೆ ಇಷ್ಟ’ ಎನ್ನುವುದಕ್ಕೂ ‘ಇದು ಒಳ್ಳೆಯದು’ ಎನ್ನುವುದಕ್ಕೂ ವ್ಯತ್ಯಾಸ ತಿಳಿದಿದ್ದರೆ ಇನ್ನೂ ಲೇಸು. ಇಷ್ಟಪಟ್ಟದ್ದನ್ನೆಲ್ಲ ಒಳ್ಳೆಯದೆಂದು ವಾದಿಸಬೇಕಿಲ್ಲ. ಒಳ್ಳೆಯದೆಲ್ಲ ಇಷ್ಟವಾಗಬೇಕೆಂದೂ ಇಲ್ಲ.

ಇನ್ನೊಂದು ಬದಲಾವಣೆ ಎಲ್ಲರ ಅನುಭವಕ್ಕೂ ಬಂದಿರುವುದು. ಮನೆಯ ಐದು ಜನರ ಕೈಯಲ್ಲಿ ಐದು ಮೊಬೈಲು, ಐದು ಕತೆ. ಅಪ್ಪ ನೋಡಿದ್ದನ್ನು ಮಗ ನೋಡಿಲ್ಲ, ಮಗ ನೋಡಿದ್ದು ಅಜ್ಜಿಗೆ ಗೊತ್ತಿಲ್ಲ. ಆಯ್ಕೆ ಹೆಚ್ಚಾದದ್ದು ನಿಜ, ಅದನ್ನು ಹಳಿಯುವುದು ತರವಲ್ಲ. ಆದರೆ ವಾದ ಮಾಡಬೇಕಾದರೆ ಇಬ್ಬರೂ ಒಂದೇ ಕತೆ ನೋಡಿರಬೇಕು. 2020ರ ಮಾರ್ಚ್‌ನಲ್ಲಿ, ಕೊರೊನಾ ದಿಗ್ಬಂಧನದ ದಿನಗಳಲ್ಲಿ, ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿದಾಗ ಮೂರು ತಲೆಮಾರು ಒಂದೇ ಪೆಟ್ಟಿಗೆಯ ಮುಂದೆ ಕುಳಿತದ್ದು ಅಪರೂಪದ ಅವಕಾಶ. ಅದಕ್ಕೆ ಇನ್ನೊಂದು ಸಾಂಕ್ರಾಮಿಕ ರೋಗ ಬರುವವರೆಗೆ ಕಾಯಬೇಕಿಲ್ಲ.

ವಾರಕ್ಕೊಂದು ಕತೆಯನ್ನಾದರೂ ಮನೆಯವರೆಲ್ಲ ಒಟ್ಟಿಗೆ ನೋಡಬಹುದು. ಮುಗಿದ ಮೇಲೆ ಪೆಟ್ಟಿಗೆ ಆರಿಸಿ ಹತ್ತು ನಿಮಿಷ ಮಾತನಾಡಬಹುದು. ಯಾರು ಮಾಡಿದ್ದು ಸರಿ? ಯಾರ ಮಾತನ್ನು ಕತೆ ಕೇಳಿಸಲೇ ಇಲ್ಲ? ಇದು ನಮ್ಮ ಮನೆಯಲ್ಲಿ ನಡೆದಿದ್ದರೆ? ಮಕ್ಕಳಿಗೆ ಮೊದಲು ಮಾತು ಕೊಟ್ಟರೆ ಒಳ್ಳೆಯದು. ಹಿರಿಯರು ತೀರ್ಪು ಕೊಟ್ಟ ಮೇಲೆ ಅವರು ಬಾಯಿ ತೆರೆಯುವುದಿಲ್ಲ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಕಾರಣ ಸಹಿತ ನಾಲ್ಕು ಸಾಲು ಬರೆದು ವಾಹಿನಿಗೆ ಕಳಿಸಿದರಂತೂ ಮೇಲು. ‘ಹಮ್ ಲೋಗ್’ ದಾರಿ ಬದಲಿಸಿದ್ದು ನೋಡುವವರ ಮಾತು ತಯಾರಕರ ಕಿವಿಗೆ ಬಿದ್ದ ಮೇಲೆಯೇ.

ಕತೆ ಹೇಳುವವರಿಗೆ ಕೊರತೆಯಿಲ್ಲ. ಕಲ್ಲಿನಲ್ಲಿ ಹೇಳಿದರು, ಓಲೆಗರಿಯಲ್ಲಿ ಹೇಳಿದರು, ಈಗ ಗಾಜಿನ ತೆರೆಯಲ್ಲಿ ಹೇಳುತ್ತಿದ್ದಾರೆ. ಕೇಳಿದವರು ತಿರುಗಿ ಮಾತನಾಡುವವರೆಗೆ ಕತೆ ಅವರದೂ ಆಗಿರುತ್ತದೆ. ಸುಮ್ಮನೆ ನೋಡಿ ಎದ್ದು ಹೋದರೆ ಉಳಿಯುವುದು ಮೀಟರಿನ ಅಂಕಿ ಮಾತ್ರ.